ಚಂಡಮಾರುತಕ್ಕೆ ಮನೆ ಸಜ್ಜಾಗಲಿ, ಸಂಘವೂ ಸಜ್ಜಾಗಲಿ

ಮುಂಬಯಿಗೆ ಮಳೆ ಗೊತ್ತು, ಚಂಡಮಾರುತ ಗೊತ್ತಿಲ್ಲ ಎಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಅದೇನಿದ್ದರೂ ಒಡಿಶಾ, ಆಂಧ್ರದವರ ಪಾಡು ಎಂಬ ಭಾವನೆ. 2020ರ ಜೂನ್ 3ರಂದು 'ನಿಸರ್ಗ' ಅಲಿಬಾಗ್ ಸಮೀಪ ದಡಕ್ಕೆ ಅಪ್ಪಳಿಸಿದಾಗ ಆ ನಂಬಿಕೆಗೆ ಪೆಟ್ಟು ಬಿತ್ತು. ಮರುವರ್ಷ 'ತೌಕ್ತೆ' ಬಂತು. ಮ್ಯಾನ್ಮಾರಿನವರು ಇಟ್ಟ ಹೆಸರು, ಅರ್ಥ ಹಲ್ಲಿಯಂತೆ! ಮೇ 15ರಂದು ಉಳ್ಳಾಲ, ಪಡುಬಿದ್ರಿ ಕಡೆಯಿಂದ ಫೋನ್ ಬಂದಾಗ ಇಲ್ಲಿ ಕುಳಿತು ಊರಿನವರಿಗೆ ಧೈರ್ಯ ಹೇಳಿದೆವು. 17ರಂದು ಅದೇ ಗಾಳಿ ಮುಂಬಯಿಯ ಪಕ್ಕದಲ್ಲೇ ಹಾದುಹೋದಾಗ ಧೈರ್ಯ ಹೇಳುವ ಸರದಿ ಅವರದಾಯಿತು. ಬಾಂಬೆ ಹೈ ಬಳಿ ಪಿ-305 ಬಾರ್ಜ್ ಮುಳುಗಿ ಎಷ್ಟೋ ಕಾರ್ಮಿಕರು ಮನೆಗೆ ಮರಳಲೇ ಇಲ್ಲ.

ಅರಬೀ ಸಮುದ್ರದ ಚಂಡಮಾರುತಕ್ಕೆ ಎರಡು ಕಾಲ. ಮುಂಗಾರಿನ ಹೊಸ್ತಿಲಲ್ಲಿ ಮೇ-ಜೂನ್, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಹವಾಮಾನ ಇಲಾಖೆ ಈಗ ಎರಡು-ಮೂರು ದಿನ ಮೊದಲೇ ಎಚ್ಚರಿಸುತ್ತದೆ. ಆ ಎರಡು ದಿನ ನಾವು ಮಾಡುವುದೇನು? ಮೊಬೈಲಿನಲ್ಲಿ ಬಂದ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸುವುದು, ಅಷ್ಟೇ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಮೊದಲು ನೆನಪಾಗುವುದು ಕಾಗದಪತ್ರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಿತ್ತು. ಕೊಲಾಬಾದಲ್ಲಿ 75 ಮಿ.ಮೀ. ಕೂಡ ಆಗಿರಲಿಲ್ಲ. ಫೋರ್ಟ್‌ನಲ್ಲಿ ಕೆಲಸಕ್ಕಿದ್ದ ನಮಗೆ ಉಪನಗರ ಮುಳುಗುತ್ತಿರುವುದು ತಿಳಿಯಲೇ ಇಲ್ಲ. ಕೆಲವು ದಿನಗಳ ನಂತರ ಕಲೀನಾದ ಚಾಳ್‌ನಲ್ಲಿದ್ದ ನಮ್ಮವರೊಬ್ಬರು ಬಂದರು. ಕ್ಯಾಂಟೀನ್ ಕೆಲಸದವರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಠೇವಣಿ ರಸೀದಿ, ಮಗಳ ಅಂಕಪಟ್ಟಿ, ರೇಷನ್ ಕಾರ್ಡು ಎಲ್ಲ ಸೇರಿ ಒಂದೇ ಮುದ್ದೆ. ಮಂಚದಡಿಯ ಟ್ರಂಕಿನಲ್ಲಿಟ್ಟಿದ್ದರಂತೆ. ಬ್ಯಾಂಕಿನ ಲೆಡ್ಜರಿನಲ್ಲಿ ಲೆಕ್ಕವಿದ್ದುದರಿಂದ ಬಾಂಡ್ ಬರೆಸಿಕೊಂಡು ಹೊಸ ರಸೀದಿ ಕೊಟ್ಟೆವು. ಅಂಕಪಟ್ಟಿಯ ನಕಲೂ ಬಂತು. ಆದರೆ ಅವರ ತಂದೆಯ ಕಾಲದ, ಊರಿನ ಜಾಗದ ಕೈಬರಹದ ಕರಾರು ಪತ್ರ ಹೋದದ್ದು ಹೋಯಿತು. ದಾಯಾದಿಗಳ ಎದುರು ತೋರಿಸಲು ಅವರಲ್ಲಿದ್ದದ್ದು ಅದೊಂದೇ.

ಆದ್ದರಿಂದ ಮೂಲ ಪತ್ರಗಳನ್ನು ನೀರು ಹೋಗದ ಚೀಲದಲ್ಲಿಟ್ಟು ಅಟ್ಟಕ್ಕೇರಿಸಿ. ಪ್ರತಿಯೊಂದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿ. 'ಬ್ಯಾಂಕ್ ಲಾಕರಿನಲ್ಲಿದೆ, ಚಿಂತೆಯಿಲ್ಲ' ಎನ್ನುವವರಿಗೊಂದು ಮಾತು: 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಳ್ಳತನ, ಬೆಂಕಿಯಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ನೆರೆ, ಭೂಕಂಪದಂಥ ಪ್ರಕೃತಿ ವಿಕೋಪಕ್ಕೆ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಅದೂ ಇಲ್ಲ. ಲಾಕರಿನಲ್ಲಿಟ್ಟರೂ ಕಾಗದವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಯೇ ಇಡಿ. ಮನೆಸಾಲದ ಜತೆ ಮಾಡಿಸಿದ ವಿಮೆ ಗೋಡೆಗೆ ಮಾತ್ರವೋ ಒಳಗಿನ ಸಾಮಾನಿಗೂ ಇದೆಯೋ ಓದಿ ನೋಡಿ. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಲೇಬೇಡಿ. ಎಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ. ಮತ್ತೆ, ಕರೆಂಟೂ ಟವರೂ ಹೋದರೆ ಫೋನಿನಲ್ಲಿ ಹಣ ಪಾವತಿಯಾಗದು. ಹತ್ತು-ಇಪ್ಪತ್ತರ ನೋಟುಗಳು ಒಂದಿಷ್ಟು ಮನೆಯಲ್ಲಿರಲಿ.

ಉಳಿದದ್ದು ಗೃಹಿಣಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಪಂಪ್ ನಿಂತರೆ ನೀರಿಲ್ಲ, ಡ್ರಮ್ ತುಂಬಿಸಿಡಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ವಾರಕ್ಕಾಗುವಷ್ಟಿರಬೇಕು. ಕಿಟಕಿಯ ಗ್ರಿಲ್ಲಿನ ಮೇಲಿನ ತುಳಸಿ, ಕರಿಬೇವಿನ ಕುಂಡಗಳನ್ನು ಮಾತ್ರ ಮರೆಯದೆ ಒಳಗಿಡಿ. ನಾಲ್ಕನೇ ಮಾಳಿಗೆಯಿಂದ ಬಿದ್ದ ಕುಂಡ ಕೆಳಗೆ ಹೋಗುವವನ ತಲೆ ಒಡೆಯುತ್ತದೆ. ಗಾಳಿಗೆ ಹೋರ್ಡಿಂಗಿನಡಿ ನಿಲ್ಲಬಾರದೆಂಬುದನ್ನು 2024ರ ಮೇ 13ರಂದು ಘಾಟ್ಕೋಪರ್‌ನಲ್ಲಿ 17 ಜೀವ ತೆತ್ತು ಕಲಿತಿದ್ದೇವೆ.

ಇನ್ನು ನಮ್ಮ ಸಂಘ-ಸಂಸ್ಥೆಗಳು. ನೆರೆ ಬಂದ ಮೇಲೆ ಪರಿಹಾರ ನಿಧಿ ಕೂಡಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಬರುವ ಮೊದಲು? ಪ್ರತಿ ಸಂಘದಲ್ಲೂ ಸದಸ್ಯರ ಪಟ್ಟಿ ಇದೆ. ಅದು ಹೊರಬರುವುದು ವಂತಿಗೆಗೆ, ವಾರ್ಷಿಕೋತ್ಸವದ ಆಮಂತ್ರಣಕ್ಕೆ, ಚುನಾವಣೆಗೆ. ಮಕ್ಕಳು ಬೆಂಗಳೂರು, ಅಮೆರಿಕ ಸೇರಿ ಡೊಂಬಿವಲಿ, ಮೀರಾರೋಡ್‌ಗಳಲ್ಲಿ ಒಂಟಿಯಾಗಿರುವ ಹಿರಿಯರೆಷ್ಟು, ತಗಡಿನ ಸೂರಿನಡಿ ಇರುವವರೆಷ್ಟು, ಡಯಾಲಿಸಿಸ್‌ಗೆ ಹೋಗುವವರು ಯಾರು ಎಂಬುದು ಆ ಪಟ್ಟಿಯಲ್ಲಿಲ್ಲ. ಏಪ್ರಿಲ್ ತಿಂಗಳ ಒಂದು ಕಾರ್ಯಕಾರಿ ಸಮಿತಿ ಸಭೆಯಲ್ಲಿ, ಶಾಲು-ಹಾರದ ಖರ್ಚಿನ ಚರ್ಚೆ ಮುಗಿದ ಮೇಲಾದರೂ ಸರಿ, ಈ ಕೆಲಸ ಕೈಗೆತ್ತಿಕೊಳ್ಳಬಹುದು. ಒಬ್ಬೊಬ್ಬ ಹಿರಿಯರಿಗೆ ಪಕ್ಕದ ಕಟ್ಟಡದ ಒಬ್ಬ ಯುವ ಸದಸ್ಯ. ಎಚ್ಚರಿಕೆ ಬಂದ ದಿನ ಒಂದು ಫೋನ್, ಗಾಳಿ ನಿಂತ ಮೇಲೆ ಒಂದು ಭೇಟಿ. ಮಹಿಳಾ ವಿಭಾಗದವರು ಮನಸ್ಸು ಮಾಡಿದರೆ ಎರಡು ಭಾನುವಾರದಲ್ಲಿ ಪಟ್ಟಿ ಸಿದ್ಧವಾದೀತು. ಮುಂಬಯಿ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1916. ಠಾಣೆ, ಕಲ್ಯಾಣ, ನವಿಮುಂಬಯಿಯವರು ತಮ್ಮ ತಮ್ಮ ಪಾಲಿಕೆಯ ಸಂಖ್ಯೆ ಕೇಳಿ ಪಟ್ಟಿಯ ತಲೆಯಲ್ಲೇ ಬರೆದಿಡಲಿ.