ನವೋದ್ಯಮಗಳೂ ನಮ್ಮ ತರುಣರೂ

ಗುರುಗ್ರಾಮ, ನೋಯ್ಡಾಗಳ ಸಾಫ್ಟ್‌ವೇರ್ ನವೋದ್ಯಮಗಳಲ್ಲಿ ದುಡಿಯುತ್ತಿರುವ ಕನ್ನಡ ತರುಣರಲ್ಲಿ ಹೋಟೆಲು ಕಾರ್ಮಿಕರ ಮಕ್ಕಳೂ ಇದ್ದಾರೆ, ಗುಮಾಸ್ತರ ಮಕ್ಕಳೂ ಇದ್ದಾರೆ. ಸಂಬಳ ತಪ್ಪದೆ ಬರುವ ಹುದ್ದೆಯನ್ನು ತೊರೆದು, ನಿನ್ನೆ ಮೊನ್ನೆ ಹುಟ್ಟಿದ ಕಂಪನಿಗೆ ಮಗನೋ ಮಗಳೋ ಸೇರಿದಾಗ ಹೆತ್ತವರಿಗೆ ನಿದ್ರೆ ಹತ್ತದಿರುವುದು ಸಹಜವೇ. ಆದರೆ ಆ ಸಾಹಸವನ್ನು ಹುಚ್ಚೆಂದು ಹಳಿಯುವ ಅಧಿಕಾರ ನಮಗಿಲ್ಲ. ಊರಿನ ಗದ್ದೆಯನ್ನು ಅಡವಿಟ್ಟು, ಗೆಳೆಯನ ಪಾಲುಗಾರಿಕೆಯಲ್ಲಿ ನಾಲ್ಕು ಮೇಜು ಹಾಕಿ ಹೋಟೆಲು ತೆರೆದವರು ನಾವೇ ಅಲ್ಲವೇ?

2008ರಲ್ಲಿ ದೆಹಲಿಯ ಕಚೇರಿಯೊಂದರಲ್ಲಿದ್ದ ದೀಪಿಂದರ್ ಗೋಯಲ್ ಮತ್ತು ಪಂಕಜ್ ಛಡ್ಡಾ ಅವರು, ಊಟದ ವೇಳೆಗೆ ಸಹೋದ್ಯೋಗಿಗಳು ಹೋಟೆಲುಗಳ ತಿಂಡಿಪಟ್ಟಿಗಾಗಿ ಮುಗಿಬೀಳುವುದನ್ನು ಕಂಡು, ಆ ಪಟ್ಟಿಗಳನ್ನು ಅಂತರ್ಜಾಲಕ್ಕೇರಿಸಿದರು. ಅದೇ ಜೊಮ್ಯಾಟೊ ಎನಿಸಿ 2021ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. (ತಿಂಡಿಪಟ್ಟಿಯನ್ನು ಅಚ್ಚು ಹಾಕಿಸಿದ ನಮಗೆ ಆ ಬುದ್ಧಿ ಹೊಳೆಯಲಿಲ್ಲ!) ಶಿಡ್ಲಘಟ್ಟದಲ್ಲಿ ಜನಿಸಿದ ನಾರಾಯಣಮೂರ್ತಿಯವರು 1981ರಲ್ಲಿ ಆರು ಮಂದಿ ಜೊತೆಗಾರರೊಡನೆ ಇನ್ಫೋಸಿಸ್ ಸ್ಥಾಪಿಸಿದಾಗ ಮೂಲಧನವಾದುದು ಪತ್ನಿ ಸುಧಾ ಅವರು ಕೊಟ್ಟ 10,000 ರೂಪಾಯಿ.

ಗೆದ್ದವರ ಕಥೆಯನ್ನು ಎಲ್ಲರೂ ಬಲ್ಲರು. 2022ರ ತರುವಾಯ ಬಂಡವಾಳಗಾರರು ಕೈ ಬಿಗಿಹಿಡಿದಾಗ ದೇಶದ ನವೋದ್ಯಮಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ನಮ್ಮ ಪರಿಚಯದ ಹುಡುಗನೊಬ್ಬನು ಕಂಪನಿ ಮುಚ್ಚಿದ ಮೇಲೂ ಎರಡು ತಿಂಗಳು, ಬೆಳಿಗ್ಗೆ ಎಂದಿನಂತೆ ಚೀಲ ಹೆಗಲಿಗೇರಿಸಿ ಮೆಟ್ರೋ ಹತ್ತುತ್ತಿದ್ದನು, ಸಂಜೆ ಮರಳುತ್ತಿದ್ದನು. ತಂದೆಗೆ ಸುಳಿವಿರಲಿಲ್ಲ. ಇದನ್ನು ಕೇಳಿದಂದಿನಿಂದ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ನಮ್ಮ ಮೊದಲ ಹೋಟೆಲು ಮುಚ್ಚಿದ ಮರುದಿನವೇ ಊರಿನವರೇ ಆದ ಇನ್ನೊಬ್ಬ ಯಜಮಾನರು ನಮ್ಮನ್ನು ಕರೆದು ತಮ್ಮ ಗಲ್ಲೆಯಲ್ಲಿ ಕೂರಿಸಿದರು. ಏಕೆ ಮುಚ್ಚಿತೆಂದು ಕೇಳಲಿಲ್ಲ. ಊಟವಾಯಿತೇ ಎಂದಷ್ಟೇ ಕೇಳಿದರು. ಆ ಹುಡುಗನಿಗೆ ಅಂಥ ಗಲ್ಲೆ ಇರಲಿಲ್ಲ. ಅವನ ಕಸುಬನ್ನು ಬಲ್ಲ ಕನ್ನಡಿಗರು ಈ ನಗರದಲ್ಲಿ ಇದ್ದೇ ಇದ್ದರು. ಅವರು ಅವನಿಗೆ, ಅವನು ಅವರಿಗೆ ಅಪರಿಚಿತರು.

ಬಲ್ಲವರ ಸಂಗವಿದ್ದರೆ ಸೇರುವ ಮುನ್ನವೇ ಎಚ್ಚರವೂ ದೊರೆಯುತ್ತದೆ. ಸಂಬಳವನ್ನು ಇಳಿಸಿ, ಬದಲಿಗೆ ಷೇರಿನ ಆಯ್ಕೆಪತ್ರ ಕೊಡುವ ಕಂಪನಿಗಳುಂಟು. ಆ ಹಕ್ಕು ಕೈಸೇರಲು ಕಾನೂನಿನಂತೆ ಕನಿಷ್ಠ 1 ವರ್ಷ ಕಾಯಬೇಕು. ಕೈಸೇರಿದರೂ ಷೇರುಪೇಟೆಗೆ ಬಾರದ ಕಂಪನಿಯ ಷೇರನ್ನು ಕೊಳ್ಳುವವರು ಸುಲಭವಾಗಿ ಸಿಕ್ಕುವುದಿಲ್ಲ. ಅದರಿಂದ ಮನೆ ಬಾಡಿಗೆ ಸಲ್ಲದು. ಭವಿಷ್ಯನಿಧಿ ಕಟ್ಟುತ್ತಾರೆಯೇ ಎಂಬುದನ್ನೂ ವಿಚಾರಿಸಬೇಕು. ಈ ಪ್ರಶ್ನೆಗಳನ್ನು ನಮ್ಮ ಗುಮಾಸ್ತ ಮಿತ್ರರಿಗಿಂತ ಚೆನ್ನಾಗಿ ಕೇಳಬಲ್ಲವರು ಯಾರು?

ಈ ಕಸುಬಿನವರಿಗೆ ಕೂಡಿ ಕಲಿಯುವ ಪರಿಪಾಠ ಹೊಸದಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಬಳಸುವವರ ಅಖಿಲ ಭಾರತ ಸಮ್ಮೇಳನವು 2016ರಲ್ಲಿ ಈ ದೆಹಲಿಯಲ್ಲಿಯೇ ಜರುಗಿತು. ಆದರೆ ಕೆಲಸ ಹೋದುದನ್ನು ಮಹಾಸಭೆಯಲ್ಲಿ ನಿಂತು ಹೇಳುವುದಾಗುವುದಿಲ್ಲ. ಅದಕ್ಕೆ ಮನೆಮಾತೂ ಸಣ್ಣ ಕೋಣೆಯೂ ಬೇಕು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದವರು ತಿಂಗಳಿಗೊಂದು ಭಾನುವಾರದ ಅಪರಾಹ್ನ ಅಂಥದೊಂದು ಕೋಣೆಯನ್ನು ಈ ತರುಣರಿಗೆ ಬಿಟ್ಟುಕೊಡಬೇಕೆಂದು ಸವಿನಯವಾಗಿ ಕೋರುತ್ತೇವೆ. ಹಿರಿಯ ಎಂಜಿನಿಯರರೂ ಬರಲಿ, ತಂದೆತಾಯಿಗಳೂ ಬರಲಿ. ಕಾಫಿಯ ಖರ್ಚು ಹೋಟೆಲಿಗರಾದ ನಮ್ಮದು.