ಕೊತ್ತತ್ತಿಗೆ ದಾರಿ ಯಾವುದು?

ಹೊಲಕ್ಕೆ ಎರಡು ಗುರುತು. ಪಹಣಿಯಲ್ಲಿ ಸರ್ವೆ ನಂಬರು. ಊರವರ ಬಾಯಲ್ಲಿ ಆಲದಮರದ ಹೊಲ, ಕೆರೆ ಹಿಂದಲ ಗದ್ದೆ. ನಂಬರು ದಫ್ತರಕ್ಕೆ ಬೇಕು, ಹೆಸರು ಹುಡುಕಿಕೊಂಡು ಹೋಗುವವರಿಗೆ ಬೇಕು. ಜಾಲತಾಣದ ಪುಟಕ್ಕೂ ಎರಡೂ ಬೇಕು ಎಂಬುದು ನನ್ನ ವಾದ.

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯ ಮೇಲೆ ಒಂದು ಪುಟವಿದೆ ಎಂದುಕೊಳ್ಳಿ. ಊರುಗಳ ವಿವರವನ್ನು ಡೇಟಾಬೇಸಿನಲ್ಲಿಟ್ಟು, ಕೇಳಿದಾಗ ಪುಟ ಕಟ್ಟಿಕೊಡುವ ತಾಣ ಅದು. ವಿಳಾಸದ ಬಾಲದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಐಡಿ, ಒಂದಷ್ಟು ಅಂಕಿ. ಯಂತ್ರಕ್ಕೆ ಅಷ್ಟು ಸಾಕು. ವಾಟ್ಸಾಪಿನಲ್ಲಿ ಆ ಕೊಂಡಿ ಬಂದವರಿಗೆ ಅದು ಯಾವ ಊರೆಂದೂ ತಿಳಿಯದು. ಸರ್ವರಿನಲ್ಲಿ ಒಂದು ರೀರೈಟ್ ನಿಯಮ ಬರೆದರೆ ಹೊರಗೆ ‘/ಊರು/ಕೊತ್ತತ್ತಿ’ ಎಂದು ಕಾಣುವುದು ಒಳಗೆ ಅದೇ ಅಂಕಿಗೆ ಹೋಗಿ ಸೇರುತ್ತದೆ.

ಕನ್ನಡದಲ್ಲೇ ಏಕೆ? ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಟಿ ಒಂದೋ ಎರಡೋ, ಪಕ್ಕದಲ್ಲಿ ಎಚ್ ಬೇಕೋ ಬೇಡವೋ, ಕೈಗೊಂದು ಕಾಗುಣಿತ. ಕನ್ನಡಕ್ಕೂ ತೊಡಕುಂಟು. ಕೊತ್ತತ್ತಿ ಎಂಬುದು ಯೂನಿಕೋಡಿನಲ್ಲಿ 9 ಸಂಕೇತ, 27 ಬೈಟು. ನಕಲು ಮಾಡಿ ಅಂಟಿಸಿದಾಗ ಎಷ್ಟೋ ಕಡೆ ಅದು ಶೇಕಡಾ ಚಿಹ್ನೆಗಳು ತುಂಬಿದ 81 ಅಕ್ಷರಗಳ ಸಾಲಾಗಿ ಹಿಗ್ಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ‘ಕೊ’. ಅದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಊರು, ಸರ್ವರಿಗೆ ಎರಡು! ಹೋಲಿಸುವ ಮೊದಲೇ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಬಿಟ್ಟರೆ, ಇರುವ ಪುಟವನ್ನೇ ಇಲ್ಲವೆನ್ನುವ ತಾಣ ನಮ್ಮದಾಗುತ್ತದೆ. ಇಷ್ಟೆಲ್ಲ ಇದ್ದರೂ ನನ್ನ ಒಲವು ಕನ್ನಡಕ್ಕೇ. ತೊಡಕು ಬಿಡಿಸುವ ಕೆಲಸ ತಾಣ ಕಟ್ಟುವವರದು, ಓದುವವರದಲ್ಲ.

ವಿಳಾಸದಲ್ಲಿ ಹೆಸರಿದ್ದ ಮಾತ್ರಕ್ಕೆ ಗೂಗಲ್ ಪುಟವನ್ನು ತಲೆಯ ಮೇಲೆ ಹೊರುವುದಿಲ್ಲ. ಹುಡುಕಾಟವನ್ನು ನಿಜಕ್ಕೂ ಕೆಡಿಸುವುದು ಒಂದೇ ಪುಟಕ್ಕೆ ಹತ್ತು ವಿಳಾಸ ಇರುವುದು. ಯಾವುದು ಮೂಲವೆಂದು ಪುಟವೇ ಸಾರುವ ‘ಕೆನಾನಿಕಲ್’ ಗುರುತನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ 2009ರಲ್ಲಿ ಒಟ್ಟಿಗೆ ತಂದದ್ದು ಇದಕ್ಕಾಗಿಯೇ.

ವಿಳಾಸದಲ್ಲಿ ಜಿಲ್ಲೆಯ ಹೆಸರನ್ನೂ ಸೇರಿಸೋಣ ಎನ್ನುವವರಿದ್ದಾರೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಕೊತ್ತತ್ತಿ ಇದ್ದದ್ದು ಮೈಸೂರು ಜಿಲ್ಲೆಯಲ್ಲಿ. ಬದಲಾಗಬಲ್ಲದ್ದನ್ನು ವಿಳಾಸಕ್ಕೆ ಸೇರಿಸಬೇಡಿ ಎಂದು ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಾದಿಸಿದ್ದರು. ಹಾಗಾಗಿ ನಾನು ಅಂಕಿಯನ್ನೂ ಹೆಸರನ್ನೂ ಜೊತೆಗಿಡುತ್ತೇನೆ: ‘/ಊರು/412/ಕೊತ್ತತ್ತಿ’. ಪುಟ ಸಿಗುವುದು ಅಂಕಿಯಿಂದ. ಹೆಸರಿನಲ್ಲಿ ಯಾರೋ ಒಂದು ಒತ್ತಕ್ಷರ ಬಿಟ್ಟರೂ 301 ಎಂಬ ಕಾಯಂ ಸೂಚನೆ ಅವರನ್ನು ಸರಿಯಾದ ವಿಳಾಸಕ್ಕೆ ಕರೆದೊಯ್ಯುತ್ತದೆ.