ಹೊಗೆಕೊಳವೆಗೆ ಹೊದಿಕೆ ಬೇಕೆ?

ಯಂತ್ರವನ್ನು ಕೊಂಡವನಿಗೆ ಅದನ್ನು ತನ್ನ ಅಭಿರುಚಿಗೆ ತಕ್ಕಂತೆ ಸಿಂಗರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಮೋಟಾರು ಸೈಕಲ್ಲನ್ನೇರುವ ತರುಣರ ಮನಸ್ಸನ್ನು ಇಂದು ಸೆಳೆದಿರುವ ಸಿಂಗಾರಗಳಲ್ಲಿ ಒಂದು, ಎಂಜಿನ್ನಿನ ಹೊಗೆಕೊಳವೆಗೆ ಸುತ್ತುವ ಉಷ್ಣನಿರೋಧಕ ಪಟ್ಟಿ. ಗಾಯಕ್ಕೆ ಕಟ್ಟು ಕಟ್ಟಿದಂತೆ ಕಾಣುವ ಈ ಪಟ್ಟಿಯನ್ನು ಕಂಡರೆ ಪಂದ್ಯದ ವಾಹನಗಳ ನೆನಪಾಗುತ್ತದೆ. ಆದರೆ ಇದನ್ನು ಕೊಳ್ಳುವವರು ಮುಂದಿಡುವ ಕಾರಣ ಸಿಂಗಾರವಲ್ಲ, ವಿಜ್ಞಾನ. ಕಲಬುರಗಿಯ ಬಿಸಿಲಿನಲ್ಲಿ ಕೊಳವೆ ಅತಿಯಾಗಿ ಕಾಯುತ್ತದೆ, ಪಟ್ಟಿ ಸುತ್ತಿದರೆ ಕಾವು ತಗ್ಗುತ್ತದೆ ಎಂಬುದು ಅವರ ವಾದ. ವಿಜ್ಞಾನದ ಹೆಸರು ಬಂದಮೇಲೆ, ಆ ವಾದವನ್ನು ವಿಜ್ಞಾನದ ಒರೆಗಲ್ಲಿಗೆ ತಿಕ್ಕಿ ನೋಡುವುದು ನಮ್ಮ ಕರ್ತವ್ಯ.

ಮೊದಲು ಕಾವಿನ ಪ್ರಮಾಣವನ್ನು ತಿಳಿಯೋಣ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಹೊರಬೀಳುತ್ತದೆ. ಇದರಲ್ಲಿ ಚಕ್ರವನ್ನು ತಿರುಗಿಸಲು ಒದಗುವುದು ಸ್ಥೂಲವಾಗಿ ಕಾಲುಭಾಗ ಮಾತ್ರ. ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಹೊಗೆಯೊಡನೆ ಕೊಳವೆಯನ್ನು ಸೇರುತ್ತದೆ. ಉಳಿದುದನ್ನು ಎಂಜಿನ್ನಿನ ಮೈ ಗಾಳಿಗೆ ಒಪ್ಪಿಸುತ್ತದೆ. ಕೊಳವೆಯ ಪಾಲಿಗೆ ಬಂದ ಈ ಹತ್ತು ಮೆಗಾಜೂಲಿನಿಂದ ಸುಮಾರು 30 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು. ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಯ ಕಾಲೇಜಿಗೆ ಬರುವ ವಿದ್ಯಾರ್ಥಿಯ ಕಾಲಿನ ಪಕ್ಕದಲ್ಲಿ ದಿನವೂ ಇಂಥದೊಂದು ಒಲೆ ಉರಿಯುತ್ತಿರುತ್ತದೆ.

ಈ ಒಲೆಗೆ ಹೊದಿಕೆ ಹೊದಿಸಿದರೆ ಆಗುವುದೇನು? ನಮ್ಮ ಕಡೆಯ ಅಡುಗೆಮನೆಯಲ್ಲೇ ಇದಕ್ಕೆ ಉತ್ತರವುಂಟು. ಬಿಸಿ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಬಟ್ಟೆಯ ಹೊರಮೈಯನ್ನು ಮುಟ್ಟಿದವನಿಗೆ ಬಿಸಿ ಅಷ್ಟಾಗಿ ತಾಗದು. ಹಾಗೆಂದು ರೊಟ್ಟಿ ಆರಿದೆ ಎಂದು ಯಾರೂ ಹೇಳುವುದಿಲ್ಲ. ಉಷ್ಣನಿರೋಧಕ ಪಟ್ಟಿಯ ಕೆಲಸವೂ ಇದೇ. ಅದು ಕಾವನ್ನು ನಾಶಮಾಡುವುದಿಲ್ಲ, ಒಳಗೇ ತಡೆದಿಡುತ್ತದೆ. ಹೊರಮೈ ತಂಪಾದಷ್ಟೂ ಒಳಗಿನ ಲೋಹ ಹೆಚ್ಚು ಕಾಯುತ್ತದೆ.

ಇನ್ನು ಕಲಬುರಗಿಯ ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಅಪರೂಪವಲ್ಲ. ಆದರೆ ಕಾದ ವಸ್ತು ಕಾವನ್ನು ಕಳೆದುಕೊಳ್ಳುವ ವೇಗ, ಅದರ ಉಷ್ಣತೆಗೂ ಸುತ್ತಲಿನ ಗಾಳಿಯ ಉಷ್ಣತೆಗೂ ಇರುವ ಅಂತರವನ್ನು ಅವಲಂಬಿಸಿದೆಯೆಂದು ನ್ಯೂಟನ್ 1701ರಲ್ಲೇ ತಿಳಿಸಿದ. ಕೊಳವೆಯ ಮೈ 300 ಡಿಗ್ರಿ ಇರಲಿ. ಗಾಳಿ 25 ಡಿಗ್ರಿ ಇರುವ ಚಳಿಗಾಲದ ದಿನ ಈ ಅಂತರ 275. 43 ಡಿಗ್ರಿಯ ಬೇಸಗೆಯಲ್ಲಿ 257. ಅಂದರೆ ವ್ಯತ್ಯಾಸ ಶೇಕಡಾ ಆರೇಳು ಮಾತ್ರ. ಬಿಸಿಲಿನಲ್ಲಿ ಸಂಕಟಪಡುವುದು ಕೊಳವೆಯಲ್ಲ, ಸವಾರ. ಅವನ ದೇಹದ ಉಷ್ಣತೆ 37 ಡಿಗ್ರಿ. ಅದಕ್ಕಿಂತ ಬಿಸಿಯಾದ ಗಾಳಿಗೆ ದೇಹ ಕಾವನ್ನು ನೇರವಾಗಿ ಕೊಡಲಾರದು. ಬೆವರು ಆರುವುದೊಂದೇ ಅದಕ್ಕಿರುವ ದಾರಿ. ಹೀಗಿರಲಾಗಿ, ಬೇಸಗೆಯ ಹೆಸರಿನಲ್ಲಿ ಕೊಳವೆಗೆ ಪಟ್ಟಿ ಸುತ್ತುವುದಕ್ಕೆ ಆಧಾರ ಸಾಲದು.

ಪಟ್ಟಿಯಿಂದ ಸವಾರನ ಮೊಳಕಾಲಿಗೆ ತಾಗುವ ಝಳ ತಗ್ಗುತ್ತದೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ತಡೆದ ಕಾವು ಎಲ್ಲಿಗೆ ಹೋಯಿತೆಂದು ಕೇಳದಿರಲಾಗದು. ಮುಂಭಾಗದಲ್ಲಿ ಗಾಳಿಗೆ ಸೇರಬೇಕಾಗಿದ್ದ ಕಾವು ಹೊಗೆಯೊಡನೆಯೇ ಹಿಂದಕ್ಕೆ ಸಾಗುತ್ತದೆ. ಅಲ್ಲಿ ಪಟ್ಟಿ ಸುತ್ತದ ಸೈಲೆನ್ಸರಿನ ಮೈ ಮೊದಲಿಗಿಂತ ಹೆಚ್ಚು ಕಾಯುವ ಸಂಭವವುಂಟು. ಅದರ ಪಕ್ಕದಲ್ಲಿರುವುದು ಯಾರ ಕಾಲು? ಹಿಂದೆ ಕುಳಿತ ತಾಯಿಯದು, ತಂಗಿಯದು, ಶಾಲೆಗೆ ಹೊರಟ ಮಗುವಿನದು. 70 ಡಿಗ್ರಿ ಕಾದ ಲೋಹವೇ ಒಂದು ಸೆಕೆಂಡಿನಲ್ಲಿ ಚರ್ಮವನ್ನು ಸುಡಬಲ್ಲದು. ಸೈಲೆನ್ಸರಿನ ಮೈ ಅದಕ್ಕಿಂತ ಬಹಳ ಮೇಲಿರುತ್ತದೆ. ತನ್ನ ಕಾಲನ್ನು ಕಾಪಾಡಿಕೊಂಡು ಬೆನ್ನ ಹಿಂದಿನವರ ಕಡೆಗೆ ಕಾವನ್ನು ದಾಟಿಸುವ ಉಪಾಯವನ್ನು ಸುಧಾರಣೆ ಎನ್ನಲು ನಮ್ಮ ಮನಸ್ಸು ಒಪ್ಪದು.

ಕೊಳವೆಗೂ ಇದು ಹಿತವಲ್ಲ. ಅಗ್ಗದ ವಾಹನಗಳ ಕೊಳವೆ ಸಾಧಾರಣ ಉಕ್ಕಿನದು. ಉಕ್ಕು ಹೆಚ್ಚು ಕಾದಷ್ಟೂ ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿ ಪದರುಪದರಾಗಿ ಉದುರುತ್ತದೆ. ಮಳೆಗಾಲದಲ್ಲಿ ಪಟ್ಟಿ ನೀರನ್ನು ಹೀರಿ ಲೋಹಕ್ಕೆ ಒತ್ತಿಹಿಡಿಯುವುದರಿಂದ ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಎಂಜಿನ್ನಿನಿಂದ ಜಿನುಗಿದ ಎಣ್ಣೆಯನ್ನು ಪಟ್ಟಿ ಕುಡಿದರೆ ಬೆಂಕಿಯ ಭಯವೂ ಇದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ 6ರ ನಿಯಮಕ್ಕೆ ಒಳಪಟ್ಟ ವಾಹನಗಳ ಕೊಳವೆಯಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ವೇಗವರ್ಧಕವೂ ಆಮ್ಲಜನಕವನ್ನು ಅಳೆಯುವ ಸೂಕ್ಷ್ಮ ಉಪಕರಣವೂ ಇವೆ. ಇವನ್ನು ಒಂದು ಲೆಕ್ಕದ ಉಷ್ಣತೆಗೆಂದು ರೂಪಿಸಿರುತ್ತಾರೆ. ಆ ಲೆಕ್ಕವನ್ನು ಅರಿಯದೆ ಕೆಡಿಸುವುದು ಸಲ್ಲದು.

ಹಾಗಾದರೆ ಪಂದ್ಯಗಳಲ್ಲಿ ಇದನ್ನು ಬಳಸುವವರು ಅವಿವೇಕಿಗಳೇ? ಖಂಡಿತ ಅಲ್ಲ. ಹೊಗೆ ಬಿಸಿಯಾಗಿದ್ದಷ್ಟೂ ಕೊಳವೆಯಲ್ಲಿ ವೇಗವಾಗಿ ಹರಿಯುತ್ತದೆ. ಅದರಿಂದ ಒಂದಿಷ್ಟು ಲಾಭ ದೊರೆಯಬಹುದು. ಕಾರಿನಲ್ಲಿ ಎಂಜಿನ್ನು ಮುಚ್ಚಳದ ಕೆಳಗಿರುವುದರಿಂದ ಸುತ್ತಲಿನ ತಂತಿ, ನಳಿಕೆಗಳನ್ನು ಕಾವಿನಿಂದ ಕಾಯುವುದೂ ಅಗತ್ಯ. ಅಲ್ಲದೆ ಪಂದ್ಯದ ತಂಡ ಕೊಳವೆಯನ್ನು ಆಗಾಗ ಪರೀಕ್ಷಿಸುತ್ತದೆ, ಕೆಟ್ಟರೆ ಬದಲಿಸುತ್ತದೆ. ಬಯಲ ಗಾಳಿಗೆ ಮೈಯೊಡ್ಡಿ ಓಡುವ 100 ಸಿ.ಸಿ.ಯ ವಾಹನಕ್ಕೆ ಈ ಯಾವ ಕಾರಣವೂ ಹೊಂದುವುದಿಲ್ಲ.

ಪಟ್ಟಿಯ ನೂಲಿನ ಕಥೆಯೂ ಕುತೂಹಲಕರ. ಕೆಲವು ಪಟ್ಟಿಗಳು ಗಾಜಿನ ನೂಲಿನವು. ಇನ್ನು ಕೆಲವು, ಕಪ್ಪು ಶಿಲೆಯಾದ ಬಸಾಲ್ಟನ್ನು ಸುಮಾರು 1,400 ಡಿಗ್ರಿಗೂ ಮೇಲೆ ಕರಗಿಸಿ ಎಳೆದ ನೂಲಿನವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಈ ಶಿಲೆಯೇ ಸವೆದು ಕಲಬುರಗಿ ಸೀಮೆಯ ಎರೆಮಣ್ಣಾಗಿದೆ. ಆದರೆ ಪಟ್ಟಿಗೆ ಬದಲಾಗಿ ಹಳೆಯ ಕಲ್ನಾರಿನ ಹಗ್ಗವನ್ನು ಯಾರಾದರೂ ಕೊಟ್ಟರೆ ಮುಟ್ಟಬೇಡಿರಿ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ನಮ್ಮ ಸಲಹೆ ಸರಳವಾದುದು. ಪಟ್ಟಿಗೆ ಸುರಿಯುವ ಹಣದಲ್ಲಿ, ಕೊಳವೆಯಿಂದ ಬೆರಳಗಲ ದೂರ ನಿಲ್ಲುವ ತೂತುಗಳುಳ್ಳ ತಗಡಿನ ಕವಚವನ್ನು ಕೊಳವೆಗೂ ಸೈಲೆನ್ಸರಿಗೂ ಹಾಕಿಸಿರಿ. ಮೊದಲೇ ಇದ್ದು ಮುರಿದಿದ್ದರೆ ಹೊಸದನ್ನು ಕೂಡಿಸಿರಿ. ನಡುವಣ ಗಾಳಿ ಕಾವನ್ನು ಹೊತ್ತೊಯ್ಯುತ್ತದೆ, ಲೋಹ ಉಸಿರಾಡುತ್ತದೆ, ಕಾಲೂ ಉಳಿಯುತ್ತದೆ. ಸೈಲೆನ್ಸರು ಬಲಗಡೆಗಿದ್ದರೆ ಎಡಗಡೆಯಿಂದಲೇ ಇಳಿಯುವುದನ್ನು ಮಕ್ಕಳಿಗೆ ರೂಢಿಮಾಡಿಸಿರಿ. ಸುಟ್ಟರೆ ಶಾಯಿ, ಅರಿಸಿನ, ಹಲ್ಲುಜ್ಜುವ ಪೇಸ್ಟು ಬಳಿಯದೆ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಗಾಯ ದೊಡ್ಡದಾಗಿದ್ದರೆ ವೈದ್ಯರನ್ನು ಕಾಣಿರಿ.

ನಮ್ಮ ಮಾತನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಒಂದೇ ಬಗೆಯ ಎರಡು ಸ್ಟೀಲಿನ ಲೋಟಗಳಿಗೆ ಬಿಸಿನೀರು ತುಂಬಿ, ಒಂದಕ್ಕೆ ಬಟ್ಟೆ ಸುತ್ತಿ, ಐದು ನಿಮಿಷಕ್ಕೊಮ್ಮೆ ಉಷ್ಣತಾಮಾಪಕದಿಂದ ಅಳೆದು ನಕ್ಷೆ ಬರೆಯಿರಿ. ಕೈಗೆ ತಂಪಾಗಿ ತೋರುವ ಲೋಟದಲ್ಲೇ ನೀರು ಹೆಚ್ಚು ಬಿಸಿಯಾಗಿರುವುದನ್ನು ಕಾಣುವಿರಿ. ಅಂಗಡಿಯಲ್ಲಿ ಯಾವ ಹೊಸ ವಸ್ತು ಕಾವನ್ನು ತಗ್ಗಿಸುತ್ತದೆಂದು ಕೇಳಿಬಂದರೂ, ತಗ್ಗಿದ ಕಾವು ಎಲ್ಲಿಗೆ ಹೋಯಿತೆಂಬ ಒಂದು ಪ್ರಶ್ನೆಯನ್ನು ಹಣ ಕೊಡುವ ಮುನ್ನ ಕೇಳಿಕೊಳ್ಳಿರಿ.